ಗಿರಣಿ ಅಕ್ಕನ ಒಪ್ಪಿಗೆ

ಪರಿಣಾಮವನ್ನು ಉಂಡವಳು ಲಿಂಗಸೂಗೂರಿನ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಒಬ್ಬ ತರುಣಿ. ಸಾಲ ಕೇಳಿದವಳು ಆಕೆಯಲ್ಲ. ಒಪ್ಪಿಗೆಯ ಗುಂಡಿ ಒತ್ತಿದವಳೂ ಆಕೆಯಲ್ಲ. ಸಾಲ ಕೊಡುವ ಆ ಕಂಪನಿಯ ಹೆಸರನ್ನೇ ಆಕೆ ಕೇಳಿರಲಿಲ್ಲ. ಆದರೂ ಕೆಲಸ, ಬಾಡಿಗೆ ಕೋಣೆ, ಎರಡನೆಯ ತರಗತಿಯಲ್ಲಿದ್ದ ಮಗಳ ಶಾಲೆ ಇವೆಲ್ಲವನ್ನೂ ಒಂದೇ ಮಧ್ಯಾಹ್ನ ಬಿಟ್ಟು ಹೊರಟವಳು ಆಕೆ. ಆಕೆಯ ನಂತರ ಅನುಭವಿಸಿದವರು ಮಸ್ಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ನನ್ನ ಗೆಳತಿ. ಅವರು ಈಗಿಲ್ಲ. ಸಾಲದ ಕಂಪನಿ ಇದೆ, ಸಿಂಧನೂರಿನಲ್ಲಿ ಅದರ ಕಚೇರಿ ಇದೆ, ಅದರ ಪ್ರತಿನಿಧಿ ಇಂದಿಗೂ ಬೈಕಿನ ಮೇಲೆ ಮಸ್ಕಿಯ ಅಂಗಡಿ ಅಂಗಡಿಗೆ ತಿರುಗುತ್ತಾನೆ. ನಾನೂ ಇದ್ದೇನೆ. ತಪ್ಪು ಮಾಡಿದ ನಾವೆಲ್ಲ ನಮ್ಮ ನಮ್ಮ ಜಾಗದಲ್ಲಿ ಕ್ಷೇಮವಾಗಿದ್ದೇವೆ.

ಊರವರು ಅವರನ್ನು ಗಿರಣಿ ಅಕ್ಕ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಈ ಬರಹದಲ್ಲಿ ಯಾರ ಹೆಸರೂ ಇರುವುದಿಲ್ಲ. ಒಬ್ಬರ ಹೆಸರೂ ಊರೂ ಒಂದೇ ಸಾಲಿನಲ್ಲಿ ಬಂದು ತಪ್ಪು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ.

ನಾನು ಸಿಂಧನೂರಿನವಳು. ಸಣ್ಣ ವ್ಯಾಪಾರ ಮಾಡುವ ಹೆಂಗಸರ ಸಂಘವೊಂದರ ಕೆಲಸಕ್ಕಾಗಿ ವಾರಕ್ಕೆರಡು ಸಲ ಲಿಂಗಸೂಗೂರಿನ ಬಸ್ಸು ಹತ್ತುತ್ತೇನೆ. ಮಸ್ಕಿ ನಡುದಾರಿಯಲ್ಲಿದೆ. ಅಲ್ಲಿ ಇಳಿಯಬೇಕಾದ ಕೆಲಸ ಈಗ ನನಗೆ ಏನೂ ಉಳಿದಿಲ್ಲ. ಆದರೂ ಬಸ್ಸು ನಿಲ್ದಾಣಕ್ಕೆ ಬಂದೊಡನೆ ಎದ್ದು ನಿಲ್ಲುತ್ತೇನೆ. ಕಂಡಕ್ಟರ್ ನನ್ನ ಟಿಕೆಟ್ ನೋಡಿ, "ಲಿಂಗಸೂಗೂರ ಅಲ್ಲೇನ್ರಿ ನಿಮ್ದು? ಕೂಡ್ರಿ" ಎನ್ನುತ್ತಾನೆ. ಕೂರುತ್ತೇನೆ. ಮುಂದಿನ ವಾರ ಮತ್ತೆ ಏಳುತ್ತೇನೆ.

ಗಿರಣಿ ಅಕ್ಕನ ಮೈಮೇಲೆ ಯಾವಾಗಲೂ ತೆಳುವಾದ ಹಿಟ್ಟಿನ ಪುಡಿ ಇರುತ್ತಿತ್ತು. ಹುಬ್ಬಿನ ಮೇಲೆ, ಕಿವಿಯ ಓಲೆಯ ಮೇಲೆ, ಕೊರಳಿನ ಲಿಂಗದ ದಾರದ ಮೇಲೆ. ಹಣೆಯ ವಿಭೂತಿ ಎಲ್ಲಿ ಮುಗಿದು ಜೋಳದ ಹಿಟ್ಟು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟವಿತ್ತು. ಗಂಡ ತೀರಿದ ಮೇಲೆ ಒಬ್ಬರೇ ಗಿರಣಿ ನಡೆಸಿದವರು. ಅಷ್ಟು ವರ್ಷ ಆ ಸದ್ದಿನಲ್ಲಿ ನಿಂತು ಕಿವಿ ಮಂದವಾಗಿತ್ತು, ದನಿ ದೊಡ್ಡದಾಗಿತ್ತು. "ಚಹಾ ಕುಡೀತೀರೇನ್ರಿ?" ಎಂದು ಅವರು ಕೇಳಿದರೆ ಮೂರನೆಯ ಅಂಗಡಿಯವನು "ಹ್ಞೂಂ, ನನಗೂ ಒಂದು" ಎನ್ನುತ್ತಿದ್ದ. ಆದರೆ ಮಹತ್ವದ ಮಾತು ಬಂದರೆ ಅವರು ಮೊದಲು ಕೈಚಾಚಿ ಸ್ವಿಚ್ಚು ತೆಗೆಯುತ್ತಿದ್ದರು. ಯಂತ್ರ ತಿರುಗಿಸುವ ಪಟ್ಟಾ ನಿಧಾನವಾಗಿ ನಿಲ್ಲುವವರೆಗೂ ಕಾದು, ಆಮೇಲೆ ಬಾಯಿ ತೆರೆಯುತ್ತಿದ್ದರು. ಗಿರಣಿ ನಿಂತಿತೆಂದರೆ ಓಣಿಯ ಹೆಂಗಸರು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಯಾರದೋ ಮನೆಯ ಮಾತು ನಡೆದಿದೆ ಎಂದು ಅವರಿಗೆ ಅರ್ಥವಾಗುತ್ತಿತ್ತು.

ಅವರ ಗಿರಣಿಯಲ್ಲಿ ಡಬ್ಬಿಗಳು ಸಾಲಾಗಿ ಕೂತಿರುತ್ತಿದ್ದವು. ಯಾವುದರ ಮೇಲೂ ಹೆಸರಿಲ್ಲ. ಪ್ರತಿ ಡಬ್ಬಿಗೂ ಒಂದು ಬಟ್ಟೆಯ ಚೂರು ಕಟ್ಟಿರುತ್ತಿತ್ತು, ಆ ಬಟ್ಟೆಯಿಂದಲೇ ಮನೆ ಗುರುತು. ಗಿರಣಿಯ ಬಾಯಿಗೆ ಕಾಳು ಸುರಿಯುವ ಮೊದಲು ಅವರು ಮೊಣಕೈವರೆಗೆ ಕೈಯಿಳಿಸಿ ಡಬ್ಬಿಯ ತಳ ತಡವುತ್ತಿದ್ದರು. ಮೊಳೆ, ಹರಳು, ತಂತಿ ಸಿಕ್ಕರೆ ಗಿರಣಿಯ ಬೀಸುಕಲ್ಲು ಹಾಳಾಗುತ್ತದೆ. ಹೀಗೆ ದಿನವೂ ಊರಿನ ಡಬ್ಬಿಗಳಲ್ಲಿ ಕೈಯಾಡಿಸಿದವರಿಗೆ ಯಾವ ಮನೆಯಲ್ಲಿ ಜೋಳ ಮುಗಿದು ರೇಷನ್ ಅಕ್ಕಿ ಬೀಸಿಸುತ್ತಿದ್ದಾರೆ, ಯಾವ ಮನೆಯ ಡಬ್ಬಿ ಅರ್ಧಕ್ಕೆ ಇಳಿದಿದೆ, ಎಲ್ಲವೂ ಗೊತ್ತಿರುತ್ತಿತ್ತು. ಒಮ್ಮೆ ಹೆಣ್ಣು ಕೊಡಲು ಬಂದ ಪರವೂರಿನ ಹಿರಿಯರೊಬ್ಬರು ನನ್ನ ಎದುರೇ ಕೇಳಿದರು: "ಅಕ್ಕಾರ, ಆ ಮೂಲಿಮನಿಯವರು ಬೀಸಾಕ ಏನ ತರ್ತಾರ್ರಿ? ಜ್ವಾಳಾನೋ, ಸಜ್ಜಿನೋ? ಮಗಳನ್ನ ಕೊಡೋರದೀವಿ, ಅದಕ್ಕ ಕೇಳಿದ್ನಿ."

"ಮಗಳನ್ನ ಕೊಡೋರು ಅವರ ಮನಿಗೆ ಹೋಗಿ ಉಂಡು ಬರ್ರಿ," ಎಂದರು ಅಕ್ಕ. "ನಾ ಜ್ವಾಳ ಬೀಸಾಕಿ. ಸುದ್ದಿ ಬೀಸಾಕ ಈ ಓಣ್ಯಾಗ ಬ್ಯಾರೆ ಮಂದಿ ಭಾಳ ಅದಾರ."

ಇಂಥವರ ಕೈಯಿಂದ ಸುದ್ದಿ ಹೊರಗೆ ಹೋಯಿತು. ಹೇಗೆ ಹೋಯಿತೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರಿಗೆ ಎರಡನೆಯ ಯಂತ್ರವೊಂದು ಬೇಕಿತ್ತು. ಇದ್ದ ಒಂದೇ ಗಿರಣಿಯಲ್ಲಿ ಮೆಣಸಿನಕಾಯಿ ಬೀಸಿದ ಮೇಲೆ ಜೋಳ ಹಾಕಿದರೆ ಮೊದಲ ಹಿಟ್ಟಿಗೆ ಖಾರ ಹತ್ತುತ್ತಿತ್ತು. ರೊಟ್ಟಿ ತಿಂದ ಮಕ್ಕಳು ಬಾಯಿ ಸುಟ್ಟುಕೊಂಡು ಅಳುತ್ತಿದ್ದವು. ಹಾಗಾಗದಿರಲೆಂದು ಅಕ್ಕ ಪ್ರತಿಸಲ ಮೆಣಸಿನಕಾಯಿಯ ನಂತರ ತಮ್ಮ ಮನೆಯ ಜೋಳ ಎರಡು ಬೊಗಸೆ ಹಾಕಿ ಕಲ್ಲು ತೊಳೆಯುತ್ತಿದ್ದರು. ಮೆಣಸಿನಕಾಯಿಗೇ ಬೇರೆ ಯಂತ್ರ ತರಬೇಕೆಂದು ಅವರು ಬ್ಯಾಂಕಿಗೆ ಹೋದಾಗ ಮ್ಯಾನೇಜರು ಕೇಳಿದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಗಂಡಸರು ಯಾರಿದ್ದಾರೆ, ದಸ್ಕತ್ತಿಗೆ ಕರೆದುಕೊಂಡು ಬನ್ನಿ.

"ಗಂಡಸ್ರು ಬೇಕಂದ್ರ ನನ್ನ ಗಿರಣಿಗೆ ಬರ್ರಿ ಸಾಹೇಬ್ರ," ಎಂದು ಬಂದಿದ್ದರು ಅಕ್ಕ. "ಪಾಳಿ ಹಚ್ಚಿ ನಿಂತಿರ್ತಾರ. ನಿಮಗ ಚಂದ ಕಂಡವನ್ನ ಆರಿಸಿಕೋರಿ."

ಮ್ಯಾನೇಜರರ ಈ ಪ್ರಶ್ನೆ ಒಂದು ಅನ್ಯಾಯ. ಇದನ್ನು ಮೊದಲು ಹೆಸರಿಸದೆ ಉಳಿದ ಅನ್ಯಾಯಗಳನ್ನು ಹೇಳುವುದು ಪ್ರಾಮಾಣಿಕವಲ್ಲ. ಸ್ವಂತ ದುಡಿಮೆಯ, ಸ್ವಂತ ಯಂತ್ರದ ಹೆಂಗಸಿಗೆ ಗಂಡಸಿನ ಸಹಿಯಿಲ್ಲದೆ ಸಾಲವಿಲ್ಲ ಎಂಬ ಅಲಿಖಿತ ಕಾನೂನು ನಮ್ಮ ಮೂರು ಊರಿನಲ್ಲೂ ನಡೆದಿದೆ. ಆದ್ದರಿಂದಲೇ ಓಪನ್ ಬ್ಯಾಂಕಿಂಗ್ ಎಂಬುದು ಬಂದಾಗ ನಾನು ನಿಜವಾಗಿ ಸಂತೋಷಪಟ್ಟೆ. ನಮ್ಮ ಖಾತೆಯ ವಿವರ ಬ್ಯಾಂಕಿನ ಆಸ್ತಿಯಲ್ಲ, ನಮ್ಮದು; ನಾವು ಒಪ್ಪಿದರೆ ಆ ವಿವರವನ್ನು ಫೋನಿನ ಮೂಲಕವೇ ಇನ್ನೊಂದು ಸಂಸ್ಥೆಗೆ ಮುಟ್ಟಿಸಬಹುದು; ನಮ್ಮ ವ್ಯವಹಾರವನ್ನು ನೋಡಿ ಅವರು ಸಾಲ ಕೊಡುತ್ತಾರೆ; ಗಂಡಸಿನ ಸಹಿ ಬೇಡ, ಜಾಮೀನು ಬೇಡ. ಈ ಮಾತನ್ನು ನಾನು ಸಿಂಧನೂರು, ಮಸ್ಕಿ, ಲಿಂಗಸೂಗೂರಿನ ಹೆಂಗಸರ ಮುಂದೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಇದರಲ್ಲಿ ಇಂದಿಗೂ ಒಂದಕ್ಷರ ಸುಳ್ಳಿಲ್ಲ. ಹೇಳದೆ ಬಿಟ್ಟದ್ದರಲ್ಲಿ ತಪ್ಪಿದೆ.

ಹೆಂಗಸರಿಗೆ ಫೋನಿನ ವ್ಯವಹಾರ ಕಲಿಸಲು ಸಂಘ ನಡೆಸುವ ತರಗತಿಗಳಲ್ಲಿ ನಾನು ಒತ್ತಿ ಕಲಿಸಿದ ಇನ್ನೊಂದು ಸಂಗತಿ ಇದೆ. ಫೋನಿನಿಂದ ಹಣ ಕಳಿಸುವಾಗ ಕೆಳಗೆ ಒಂದು ಸಣ್ಣ ಜಾಗವಿರುತ್ತದೆ, ಯಾತಕ್ಕೆ ಕಳಿಸಿದ್ದೆಂದು ಬರೆಯಲು. ಅಲ್ಲಿ ಬರೆಯಿರಿ, ಬರೆದರೆ ವ್ಯವಹಾರ ಸ್ಪಷ್ಟವಾಗುತ್ತದೆ ಎಂದೆ. ಹೆಚ್ಚಿನವರು ಬರೆಯಲಿಲ್ಲ. ಗಿರಣಿ ಅಕ್ಕ ಬರೆದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು, ಒಂದೇ ಬೆರಳಿನಿಂದ, ಕನ್ನಡದಲ್ಲಿ, ಒತ್ತಕ್ಷರ ಬಿಡದೆ ಬರೆದರು. "ಪಟ್ಟಾ ತಂದದ್ದು, ಹಳೇದು ಹರದಿತ್ತು." "ಕಲ್ಲು ಹೊಡೆಸಿದ್ದು, ಮುದುಕನ ಕೆಲಸ ಚಲೋ ಐತಿ." ಮುಂದಿನ ತರಗತಿಗೆ ಬಂದಾಗ ಫೋನು ನನ್ನ ಮುಂದೆ ಹಿಡಿದರು. ಪರೀಕ್ಷೆ ಬರೆದ ಹುಡುಗಿಯ ಮುಖ ಅವರದು.

"ಬೇಷ್ ಅದನಿಲ್ರಿ ಮೇಡಮ್ಮಾರ?"

"ಬೇಷ್ ಅದ ಅಕ್ಕ. ಎಲ್ಲರಿಗಿಂತ ಬೇಷ್."

"ಮತ್ತ ಇದನ್ನ ಯಾರರ ನೋಡ್ತಾರೇನ್ರಿ?"

"ನಿಮ್ಮ ಒಪ್ಪಿಗಿ ಇಲ್ದ ಯಾರೂ ನೋಡಂಗಿಲ್ಲ," ಎಂದೆ.

ಗಿರಣಿಯ ಎದುರುಮನೆಯಲ್ಲಿ ನಾಟಿ, ಕಳೆ ಎಂದು ಗದ್ದೆಯ ಕೂಲಿಗೆ ಹೋಗುವ ತಾಯಿಯೊಬ್ಬಳಿದ್ದಳು. ಆಕೆಯ ಮಗಳನ್ನು ಸಿಂಧನೂರಿನ ಕಾಲುವೆ ಭಾಗದ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಒಂದು ದಿನ ಆಕೆ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ ಹೋದಳು. ತವರಿನ ತಂದೆ ಮತ್ತು ಅಣ್ಣ, "ಗಂಡನ ಮನೆಗೆ ಹೋದರೆ ಮಾತ್ರ ನಮ್ಮ ಮಗಳು" ಎಂದು ತೀರ್ಮಾನ ಕೊಟ್ಟರು. ಇದು ಎರಡನೆಯ ಅನ್ಯಾಯ, ಮತ್ತು ಎಲ್ಲಕ್ಕಿಂತ ಹಳೆಯದು. ಆಕೆ ಲಿಂಗಸೂಗೂರಿನಲ್ಲಿ ರವಿಕೆ ಹೊಲಿಯುತ್ತಿದ್ದಾಳೆ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು: ತಾಯಿಗೆ ಮತ್ತು ಗಿರಣಿ ಅಕ್ಕನಿಗೆ.

ತಾಯಿಯ ಹತ್ತಿರ ಫೋನಿರಲಿಲ್ಲ. ಮನೆಯ ಫೋನು ಮಗನ ಕೈಯಲ್ಲಿತ್ತು. ಆಕೆ ಕೂಲಿಯಲ್ಲಿ ಉಳಿಸಿದ ನೋಟುಗಳನ್ನು ಸಣ್ಣದಾಗಿ ಮಡಚಿ ಜೋಳದ ಡಬ್ಬಿಯ ತಳಕ್ಕೆ ಇಳಿಸಿ ತರುತ್ತಿದ್ದಳು. ಅಕ್ಕ ಮೊಳೆ ಹುಡುಕುವ ಕೈಯಿಂದಲೇ ಅದನ್ನು ತೆಗೆದು ಸೊಂಟಕ್ಕೆ ಸೇರಿಸುತ್ತಿದ್ದರು. ಪಾಳಿಯಲ್ಲಿ ನಿಂತ ಹತ್ತು ಜನರ ಕಣ್ಣೆದುರೇ ಇದು ನಡೆಯುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ಅಕ್ಕ ತಮ್ಮ ಫೋನಿನಿಂದ ಅಷ್ಟೇ ಹಣವನ್ನು ಮಗಳಿಗೆ ಕಳಿಸುತ್ತಿದ್ದರು. ಹಣ ಮುಟ್ಟಿದ ಮೇಲೆ ಡಬ್ಬಿಯ ಬಟ್ಟೆಗೆ ಒಂದು ಗಂಟು ಹೆಚ್ಚು ಬೀಳುತ್ತಿತ್ತು. ತಾಯಿ ಆ ಗಂಟನ್ನು ಮುಟ್ಟಿ ನೋಡಿ, ಡಬ್ಬಿ ತಲೆಯ ಮೇಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದಳು.

ಇದರ ಸುದ್ದಿ ನನಗೆ ಆಗ ಇರಲಿಲ್ಲ. ಇದ್ದಿದ್ದರೆ ಒಂದು ಮಾತು ಹೇಳುತ್ತಿದ್ದೆ ಎಂದುಕೊಳ್ಳುತ್ತೇನೆ. ಏಕೆಂದರೆ ಗಿರಣಿ ಅಕ್ಕ ನಾನು ಕಲಿಸಿದ ಪಾಠವನ್ನು ಇಲ್ಲಿಯೂ ತಪ್ಪದೆ ಪಾಲಿಸಿದ್ದರು. ಪ್ರತಿಸಲ ಕೆಳಗಿನ ಜಾಗದಲ್ಲಿ ಬರೆದಿದ್ದರು: "ಎದುರುಮನಿ ಮಗಳಿಗೆ, ಲಿಂಗಸೂಗೂರ ಹೊಲಿಗಿ ಅಂಗಡಿ." ಒಮ್ಮೆ: "ಕೂಸಿನ ಸಾಲಿ ಅಂಗಿಗೆ." ಇನ್ನೊಮ್ಮೆ: "ಕ್ವಾಣಿ ಬಾಡಿಗಿ, ಬಸ್ ಸ್ಟ್ಯಾಂಡ್ ಹಿಂದ." ಅದು ತಮ್ಮ ಫೋನಿನೊಳಗೆ ತಮಗಾಗಿ ಬರೆದುಕೊಂಡ ಗುರುತು ಎಂದೇ ಅವರು ತಿಳಿದಿದ್ದರು. ಅದು ಬ್ಯಾಂಕಿನ ಪಟ್ಟಿಯಲ್ಲಿ, ಪಡೆದವಳ ಹೆಸರಿನ ಪಕ್ಕದಲ್ಲೇ ಅಚ್ಚಾಗುತ್ತದೆಂದು ನಾನು ಕಲಿಸಿರಲಿಲ್ಲ. ಇದು ಮೂರನೆಯ ತಪ್ಪು. ಇದರ ಒಡತಿ ನಾನು.

ಕಂಪನಿಯ ಪ್ರತಿನಿಧಿಯನ್ನು ಗಿರಣಿಗೆ ಕರೆದೊಯ್ದವಳೂ ನಾನೇ. ಸೌಮ್ಯ ಮಾತಿನ, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ, ಇಬ್ಬರು ಮಕ್ಕಳ ತಂದೆ. ಹಿಟ್ಟು ಹತ್ತೀತೆಂದು ಅಂಗಿ ಸರಿಸಿಕೊಂಡು ಚೀಲದ ಮೇಲೆ ಕೂತ. ಅಕ್ಕ ಸ್ವಿಚ್ಚು ತೆಗೆದರು. ಖಾತೆಯ ವಿವರ ಸಾಗಿಸುವ ಆ್ಯಪೊಂದನ್ನು ಆತ ಅವರ ಫೋನಿಗೆ ಹಾಕಿದ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಬರಹ ತೆರೆಯಿತು. ಯಾವ ಖಾತೆ, ಎಷ್ಟು ಹಿಂದಿನ ವಿವರ, ಎಷ್ಟು ಸಲ ನೋಡುತ್ತಾರೆ, ಎಲ್ಲಿಯ ತನಕ ನೋಡುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಇತ್ತು ಎಂದು ಈಗ ನನಗೆ ಗೊತ್ತು. ಆಗ ನೆಟ್‌ವರ್ಕ್ ಬಿಟ್ಟುಬಿಟ್ಟು ಬರುತ್ತಿತ್ತು, ಹೊರಗೆ ಡಬ್ಬಿ ಹಿಡಿದ ಮಂದಿ ಗೊಣಗುತ್ತಿದ್ದರು, ಲಿಂಗಸೂಗೂರಿನಲ್ಲಿ ನನ್ನ ಸಭೆಗೆ ಹೊತ್ತಾಗಿತ್ತು.

"ಒಂದ್ಸಲ ನೋಡ್ತೀವ್ರೀ ಅಷ್ಟ," ಎಂದ ಪ್ರತಿನಿಧಿ. "ಎಲ್ಲಾ ಕಂಪ್ಯೂಟರ್ ನೋಡತೈತಿ. ಮನುಷ್ಯಾರು ನೋಡಂಗಿಲ್ಲ."

ಅಕ್ಕ ನನ್ನ ಕಡೆ ತಿರುಗಿದರು. "ನೋಡಿದ ಮ್ಯಾಲ ವಾಪಸ್ ಕೊಡ್ತಾರಲ್ರಿ?"

ಡಬ್ಬಿ ಕೊಟ್ಟವರು ಡಬ್ಬಿ ಒಯ್ಯುತ್ತಾರೆ, ಗಿರಣಿಯವಳ ಹತ್ತಿರ ಏನೂ ಉಳಿಯಬಾರದು ಎಂಬ ಧರ್ಮದಲ್ಲಿ ಬದುಕಿದವರು ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆ ಅದು. ಕಂಪನಿಯ ಕಾನೂನು ಪಂಡಿತರು ಕೂತು ಯೋಚಿಸಬೇಕಾದ ಪ್ರಶ್ನೆ. ನಾನು ನಕ್ಕೆ. "ಹ್ಞೂಂ ಅಕ್ಕ, ಒತ್ತರಿ" ಎಂದೆ. ಹಿಟ್ಟು ಮೆತ್ತಿದ ಬೆರಳಿಗೆ ಪರದೆ ಒಲಿಯಲಿಲ್ಲ. ಸೆರಗಿನಿಂದ ಬೆರಳೊರೆಸಿಕೊಂಡು ಇನ್ನೊಮ್ಮೆ ಒತ್ತಿದರು.

ಒಂದು ವಾರದೊಳಗೆ ಸಾಲ ತಿರಸ್ಕೃತವಾಯಿತು. ವ್ಯಾಪಾರಕ್ಕೆ ಸಂಬಂಧವಿಲ್ಲದ ವ್ಯಕ್ತಿಗಳಿಗೆ ಪದೇ ಪದೇ ಹಣ ಹೋಗಿದೆ ಎಂಬುದು ಕಾರಣ. ಅಕ್ಕ ಗೊಣಗಲಿಲ್ಲ. "ಹೋಗ್ಲಿ ಬಿಡ್ರಿ, ಇನ್ನೊಂದಿಷ್ಟು ದಿನ ನನ್ನ ಜ್ವಾಳದಾಗ ಕಲ್ಲು ತೊಳದ್ರಾತು" ಎಂದರು. ಅವರ ಮಟ್ಟಿಗೆ ವ್ಯವಹಾರ ಮುಗಿದಿತ್ತು. ನನ್ನ ಮಟ್ಟಿಗೂ ಮುಗಿದಿತ್ತು. ಒಪ್ಪಿಗೆಯ ಮಟ್ಟಿಗೆ ಮುಗಿದಿರಲಿಲ್ಲ. ಅವರು ಒತ್ತಿದ್ದು ಒಂದು ವರ್ಷದ ಒಪ್ಪಿಗೆ, ತಿಂಗಳಿಗೊಮ್ಮೆ ಹೊಸ ವಿವರ ತರಿಸಿಕೊಳ್ಳುವ ಒಪ್ಪಿಗೆ. ಸಾಲ ಕೊಡುವುದಿಲ್ಲ ಎಂದವರು ಖಾತೆಯನ್ನು ನೋಡುವುದನ್ನು ನಿಲ್ಲಿಸಲಿಲ್ಲ. ಮುಂದೆ ಬೇರೆ ಯಾವುದಾದರೂ ಸಾಲ ಮಾರಬಹುದೆಂಬ ಆಸೆಯಿಂದ, ತಿರಸ್ಕೃತರ ಪಟ್ಟಿಯೂ ಅವರ ಖಾತೆಗಳ ಸಾಲುಸಾಲು ವಿವರವೂ ಪ್ರತಿನಿಧಿಯ ಫೋನಿಗೆ ತಿಂಗಳು ತಿಂಗಳು ಬರುತ್ತಿತ್ತು. ಮನುಷ್ಯರು ನೋಡುವುದಿಲ್ಲ ಎಂದಿದ್ದ ಮನುಷ್ಯ ಅದನ್ನು ಓದುತ್ತಿದ್ದ. ದೊಡ್ಡ ಊರುಗಳಲ್ಲಿ ನಮ್ಮ ವಿವರ ಓದುವವನು ಯಾರೋ ಅಪರಿಚಿತ. ನಮ್ಮಲ್ಲಿ ಆತ ಯಾರಿಗಾದರೂ ಬೀಗ, ಯಾರಿಗಾದರೂ ಅಳಿಯ, ಯಾರದಾದರೂ ಊರಿನವನು. ಈ ಪ್ರತಿನಿಧಿ ಆ ತರುಣಿಯ ಗಂಡನ ಊರಿನವನು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದು ಮಧ್ಯಾಹ್ನ ಲಿಂಗಸೂಗೂರಿನ ಆ ಹೊಲಿಗೆ ಅಂಗಡಿಯ ಮುಂದೆ ಗಂಡ ತನ್ನ ಅಣ್ಣನೊಂದಿಗೆ ಬೈಕು ನಿಲ್ಲಿಸಿದ. ಆಕೆ ದನಿ ಕೇಳಿಯೇ ಹಿಂಬಾಗಿಲಿನಿಂದ ಹೊರಬಿದ್ದಳು. ಅರ್ಧ ಹೊಲಿದ ರವಿಕೆ ಯಂತ್ರದ ಸೂಜಿಯ ಕೆಳಗೇ ಉಳಿಯಿತು. ಶಾಲೆಯಿಂದ ಮಗಳನ್ನು ಕರೆದುಕೊಂಡಳು. ಕೋಣೆಗೆ ಹೋಗಲು ಧೈರ್ಯವಾಗದೆ ಪಾತ್ರೆ ಪಡಗ ಅಲ್ಲಿಯೇ ಬಿಟ್ಟು ಊರು ತೊರೆದಳು. ಇತ್ತ ಅಣ್ಣತಮ್ಮಂದಿರಿಬ್ಬರು ಅಂಗಡಿಯಲ್ಲಿ ಕೂಗಾಡಿ ಬಟ್ಟೆಗಳನ್ನು ಬೀದಿಗೆ ಎಸೆದರು. ಅಂಗಡಿಯ ಒಡತಿ ಉಳಿದ ಕೆಲಸದವರಿಗೆ, "ಆಕಿ ಬಂದ್ರ ಕೆಲಸಕ್ಕ ಬ್ಯಾಡ ಅಂತ ಹೇಳ್ರಿ, ನನಗೂ ಮಕ್ಕಳದಾವ" ಎಂದರು. ಒಡತಿ ದೂರು ಒಯ್ದರೆ ಪೊಲೀಸ್ ಠಾಣೆಯಲ್ಲಿ ಇದು ಗಂಡಹೆಂಡಿರ ಜಗಳ ಎಂದು ಹೇಳಿ ಬರೆದುಕೊಳ್ಳದೆ ಬಿಟ್ಟರು. ಅದೂ ಒಂದು ಅನ್ಯಾಯ. ಬರೆದಿಡುತ್ತೇನೆ.

ಮಗಳ ಗುಟ್ಟು ಯಾರು ಬಿಟ್ಟರೆಂದು ತಾಯಿಗೆ ತಿಳಿಯಲಿಲ್ಲ. ಗಿರಣಿ ಅಕ್ಕನಿಗೂ ತಿಳಿಯಲಿಲ್ಲ. ಹತ್ತು ದಿನದ ನಂತರ ಪ್ರತಿನಿಧಿ ಹೊಸದೊಂದು ಸಾಲದ ಯೋಜನೆ ಹೇಳಲು ಗಿರಣಿಗೆ ಬಂದ. ಅಂದು ನಡೆದ ಮಾತನ್ನು ಅಕ್ಕ ನನಗೆ ಒಂದಕ್ಷರ ಬಿಡದೆ ಹೇಳಿದ್ದಾರೆ. ಗಿರಣಿಯ ಸದ್ದನ್ನು ಮೀರಿ ಆತ ಗಟ್ಟಿಯಾಗಿಯೇ ಮಾತಾಡಿದ್ದ.

"ಅಕ್ಕಾರ, ನಿಮ್ಮಂಗ ಚೊಕ್ಕ ಬರಿಯೋರು ನಮ್ಮ ಪಟ್ಟಿಯೊಳಗ ಒಬ್ರೂ ಇಲ್ಲ ನೋಡ್ರಿ. ಯಾರಿಗೆ, ಯಾತಕ್ಕ, ಯಾವೂರು, ಎಲ್ಲಾ ಐತಿ."

ಅಕ್ಕ ಸ್ವಿಚ್ಚಿಗೆ ಕೈಹಾಕಿದರು. ಪಟ್ಟಾ ನಿಂತಿತು.

"ಏನ್ ಬರದೀನಿ ನಾ?"

"ಅದ ರೀ, ರೊಕ್ಕ ಕಳಿಸಿದ್ದರ ಕೆಳಗ ಬರೀತೀರಲ್ಲ. ನಿಮ್ಮಿಂದ ಒಂದು ಸಂಸಾರ ಕೂಡೂದಿತ್ತು. ನಮ್ಮೂರ ಹುಡುಗ ಮೂರು ವರ್ಷದಿಂದ ಹೆಂಡ್ತಿ ಹುಡಕಾಕತ್ತಿದ್ದ. ಕೂಸಿನ ಮಕಾ ನೋಡಿಲ್ಲ. ನಾನ ಹೇಳೀನಿ, ಲಿಂಗಸೂಗೂರಾಗ ಅದಾಳ, ಹೋಗಿ ಸಮಾಧಾನ ಹೇಳಿ ಕರಕೊಂಡು ಬಾ ಅಂತ. ಆಕಿ ಮತ್ತ ಓಡಿ ಹೋಗ್ಯಾಳಂತ. ಏನ್ ಮಾಡೂದ್ರೀ?"

ಆತ ಕೆಟ್ಟವನಂತೆ ಮಾತಾಡಲಿಲ್ಲ, ಅದೇ ನನ್ನನ್ನು ಕೊರೆಯುತ್ತದೆ. ಒಂದು ಪುಣ್ಯದ ಕೆಲಸ ಕೈತಪ್ಪಿದ ಬೇಸರವಿತ್ತಂತೆ ಅವನ ಮುಖದಲ್ಲಿ. ಅಕ್ಕ ಕೇಳಿದರಂತೆ: "ಆಕಿ ಯಾಕ ಹೋದಳು ಅಂತ ಆ ಪಟ್ಟಿಯೊಳಗ ಬರದಿತ್ತೇನಪಾ?" ಪಾಳಿಯಲ್ಲಿದ್ದ ಮುದುಕಿಯೊಬ್ಬಳು ಕೂಗಿದಳು, "ಗಿರಣಿ ಹಚ್ಚ ಬೇ, ಹೊತ್ತು ಮುಳಗತೈತಿ." ಅಂದು ಅಕ್ಕ ಗಿರಣಿ ಹಚ್ಚಲಿಲ್ಲ. ಎಲ್ಲರ ಡಬ್ಬಿಗಳನ್ನು ಹಾಗೆಯೇ ವಾಪಸ್ ಕೊಟ್ಟು, ಬೀದಿ ದಾಟಿ ಎದುರುಮನೆಗೆ ಹೋದರು.

ಅವರು ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎದುರುಮನೆಯ ತಾಯಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಗಂಡ, ಮಗ ಮನೆಯಲ್ಲಿರಲಿಲ್ಲ. ಅಕ್ಕ ಆಕೆಯ ಎದುರು ನೆಲದ ಮೇಲೆ ಕೂತು ಹೇಳಿದರು: "ಮಗಳ ಪತ್ತಾ ನನ್ನ ಫೋನಿನಿಂದ ಹೋಗೈತಿ. ನಾ ಬಾಯಿಲೆ ಹೇಳಿಲ್ಲ. ಕೈಲೆ ಬರದೀನಿ. ನನಗ ಏನ್ ಅಂತೀ ಅನ್ನು."

ತಾಯಿ ಕೈ ತೊಳೆದು, ಒಳಗೆ ಹೋಗಿ, ಡಬ್ಬಿಗೆ ಕಟ್ಟುತ್ತಿದ್ದ ಬಟ್ಟೆಯ ಚೂರನ್ನು ತಂದು ಅಕ್ಕನ ಮಡಿಲಲ್ಲಿ ಹಾಕಿದಳು. ಮರುದಿನದಿಂದ ಆಕೆ ಡಬ್ಬಿ ಹೊತ್ತು ಊರಿನ ಆ ಕೊನೆಯ ಗಿರಣಿಗೆ ನಡೆದಳು. ಬಿಸಿಲಿನಲ್ಲಿ ಆಕೆ ಗಿರಣಿಯ ಮುಂದೆಯೇ ಹಾದು ಹೋಗುವುದನ್ನು ಅಕ್ಕ ನಿಂತು ನೋಡುತ್ತಿದ್ದರು.

ಈ ವಿಷಯ ತಿಳಿದ ದಿನ ನಾನು ಅಕ್ಕನ ಮುಂದೆ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. "ಅದು ಆಮ್ಯಾಲ ಮೇಡಮ್ಮಾರ. ಮೊದಲ ಅದನ್ನ ನಿಂದ್ರಸ್ರಿ. ಇನ್ನೂ ನೋಡಾಕತ್ತಾರೋ ಏನೋ." ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ದಾರಿ ಅದೇ ಆ್ಯಪಿನಲ್ಲಿತ್ತು. ನಾಲ್ಕು ಪರದೆಗಳ ಹಿಂದೆ, ಅದೂ ಇಂಗ್ಲಿಷಿನಲ್ಲಿ. ಹುಡುಕಿದ ಮೇಲೆ ಒತ್ತಲು ಒಂದು ಕ್ಷಣ ಸಾಕಾಯಿತು. ಆ ಕ್ಷಣವನ್ನು ಸಾಲ ತಿರಸ್ಕೃತವಾದ ದಿನವೇ ನಾನು ಕೊಟ್ಟಿದ್ದರೆ ಒಬ್ಬ ಹುಡುಗಿಯ ಶಾಲೆ ತಪ್ಪುತ್ತಿರಲಿಲ್ಲ.

"ನಿಂತಿತಲ್ಲ?" ಎಂದರು ಅಕ್ಕ.

"ನಿಂತಿತು."

"ಒಯ್ದದ್ದು?"

ಆ ಒಂದು ಪದವನ್ನು ಹಿಡಿದು ನಾವಿಬ್ಬರು ಸಿಂಧನೂರಿನ ಕಚೇರಿಗೆ ಹೋದೆವು. ಅಕ್ಕ ಅಂದು ಹಿಟ್ಟಿಲ್ಲದ ಮುಖದಲ್ಲಿದ್ದರು. ಬಸ್ಸಿನಲ್ಲಿ ನನಗೆ ಗುರುತೇ ಹತ್ತಲಿಲ್ಲ. ಕಚೇರಿಯ ಅಧಿಕಾರಿ ಮರ್ಯಾದೆಯಿಂದ ನೀರು ಕೊಟ್ಟು, ಹೊಸ ವಿವರ ಬರುವುದು ನಿಂತಿದೆ, ಹಳೆಯದು ಮೇಲಿನ ಸಿಸ್ಟಮ್‌ನಲ್ಲಿದೆ, ಅದು ನಮ್ಮ ಕೈಯಲ್ಲಿಲ್ಲ ಎಂದ. ಪ್ರತಿನಿಧಿಯ ಫೋನಿನಲ್ಲಿರುವುದು? ಅದು ಅವರ ವೈಯಕ್ತಿಕ ಫೋನು ಎಂದ. ಆತನ ಮೇಲೆ ಕ್ರಮ? ಅವರು ನಮ್ಮ ನೌಕರರಲ್ಲ, ಕಮಿಷನ್ ಮೇಲೆ ಕೆಲಸ ಮಾಡುವವರು ಎಂದ. ಪ್ರಶ್ನೆಗೊಂದು ಬಾಗಿಲು ತೋರಿಸಿ, ಪ್ರತಿ ಬಾಗಿಲಿನ ಹಿಂದೆಯೂ ಗೋಡೆ ಕಟ್ಟಿದ್ದರು. ನಾನು ಲಿಖಿತ ದೂರು ಕೊಟ್ಟೆ. ಖಾತೆಯಿರುವ ಬ್ಯಾಂಕಿಗೆ ಕೊಟ್ಟೆ, ವಿವರ ಸಾಗಿಸಿದ ಆ್ಯಪಿನ ಕಂಪನಿಗೆ ಕೊಟ್ಟೆ. ಗ್ರಾಹಕಿ ಒಪ್ಪಿಗೆ ನೀಡಿರುತ್ತಾರೆ ಎಂಬ ಒಂದೇ ಉತ್ತರ ಮೂರು ಕಡೆಯಿಂದ, ಮೂರು ಬಗೆಯ ವಿನಯದಲ್ಲಿ ಬಂತು.

ಹೌದು, ನೀಡಿದ್ದರು. ಯಂತ್ರ ಕೊಳ್ಳಲು ಸಾಲ ಕೊಡಬಹುದೇ ಎಂದು ನೋಡುವುದಕ್ಕೆ ನೀಡಿದ್ದರು. ತಲೆಮರೆಸಿಕೊಂಡ ಹೆಂಗಸೊಬ್ಬಳನ್ನು ಹುಡುಕುವುದಕ್ಕೆ ನೀಡಿರಲಿಲ್ಲ. ಮತ್ತು ಆ ತರುಣಿ ಯಾರಿಗೂ ಯಾವ ಒಪ್ಪಿಗೆಯನ್ನೂ ನೀಡಿರಲಿಲ್ಲ. ನಮ್ಮ ಖಾತೆಯ ಪ್ರತಿ ಸಾಲಿನಲ್ಲೂ ಕಳಿಸಿದವರು, ಪಡೆದವರು ಎಂದು ಇಬ್ಬರಿರುತ್ತಾರೆ; ಬೆರಳೊತ್ತುವವರು ಒಬ್ಬರೇ. ಇದು ಈ ವ್ಯವಸ್ಥೆಯ ಬುಡದಲ್ಲಿರುವ ಅನ್ಯಾಯ. ಇದನ್ನು ಕಟ್ಟಿದವರಿಗೆ ಇದು ಗೊತ್ತಿಲ್ಲವೆಂದು ನಂಬುವಷ್ಟು ಮುಗ್ಧತೆ ನನ್ನಲ್ಲಿ ಉಳಿದಿಲ್ಲ.

ಆಮೇಲೆ ಅಕ್ಕ ಯಾರ ಹಣವನ್ನೂ ಫೋನಿನಿಂದ ಕಳಿಸಲಿಲ್ಲ. ಗಿರಣಿ ನಡೆಯುತ್ತಿತ್ತು, ಡಬ್ಬಿಗಳು ಕಡಿಮೆಯಾದವು. ಓಣಿಯವರು ದೂರ ಮಾಡಿದ್ದಕ್ಕಿಂತ ಹೆಚ್ಚಾಗಿ ಅಕ್ಕನೇ ದೂರ ನಿಂತರು. "ನನ್ನ ಮುಂದ ಹೇಳಬ್ಯಾಡ ತಂಗಿ" ಎನ್ನುವುದನ್ನು ನಾನೇ ಕೇಳಿದೆ, ಕಣ್ಣೀರು ತುಂಬಿಕೊಂಡು ಬಂದ ಹುಡುಗಿಯೊಬ್ಬಳಿಗೆ. ಆ ಓಣಿಯಲ್ಲಿ ಹೆಂಗಸರು ಒಂದು ಮಾತನ್ನು ಇಟ್ಟುಹೋಗುವ ಜಾಗ ಹೀಗೆ ಮುಚ್ಚಿತು. ಇದನ್ನು ನಷ್ಟವೆಂದು ಯಾವ ಅರ್ಜಿಯಲ್ಲಿ, ಯಾವ ಅಂಕಣದಲ್ಲಿ ತುಂಬಬೇಕೋ ನನಗೆ ತಿಳಿಯದು.

ಅವರಿಗೆ ಮೊದಲಿನಿಂದಲೂ ಕೆಮ್ಮಿತ್ತು. ವರ್ಷಗಟ್ಟಲೆ ಮೆಣಸಿನಕಾಯಿಯ ಧೂಳು ಕುಡಿದ ಎದೆ. ರಾಯಚೂರಿನ ದವಾಖಾನೆಯಲ್ಲಿ ನಾನು ನೋಡಲು ಹೋದಾಗ ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಆ ದೊಡ್ಡ ದನಿ ಎಲ್ಲಿ ಹೋಯಿತೋ. ಕಿವಿ ಹತ್ತಿರ ತರಬೇಕಾಯಿತು. ನಾನು ನನ್ನ ಕ್ಷಮೆಯನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು: "ಅಳಿಸಿದ್ರೇನ್ರಿ ಮೇಡಮ್ಮಾರ?"

ಇಲ್ಲ ಎಂದೆ. ಆ ಹೊತ್ತಿಗೆ ಒಂದು ಸುಳ್ಳು ಹೇಳಿದ್ದರೆ ಅವರಿಗೆ ನೆಮ್ಮದಿಯಾಗುತ್ತಿತ್ತೇನೋ. ಆದರೆ ಹ್ಞೂಂ ಎಂದು ಒಮ್ಮೆ ಹೇಳಿದ್ದೆ, ಅದರ ಬೆಲೆ ನೋಡಿದ್ದೆ. ಅವರು ಕಣ್ಣು ಮುಚ್ಚಿಕೊಂಡರು. "ಬಿಡಬ್ಯಾಡ್ರಿ ಮತ್ತ" ಎಂದರು. ಎಂಟು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಎದುರುಮನೆಯ ತಾಯಿ ಬಂದಿದ್ದಳು. ಗುಂಪಿನ ಹಿಂದೆ ನಿಂತಿದ್ದು, ಮಣ್ಣಾದೊಡನೆ ಹೊರಟಳು. ಮಗಳು ಮೊಮ್ಮಗಳು ಕ್ಷೇಮವೇ ಎಂದು ಕೇಳಲು ನಾನು ಹಿಂದೆ ಓಡಿದೆ, ಅರ್ಧದಾರಿಗೆ ನಿಂತೆ. ಕೇಳುವ ಹಕ್ಕು ನನಗಿಲ್ಲ ಅನ್ನಿಸಿತು.

ಸಾಲದ ಕಂಪನಿಯ ನಿರ್ದೇಶಕರೇ, ವಿವರ ಸಾಗಿಸಿದ ಆ್ಯಪಿನ ಒಡೆಯರೇ, ಇವರಿಬ್ಬರಿಗೂ ಪರವಾನಗಿ ಕೊಟ್ಟು ಮೇಲುಸ್ತುವಾರಿ ನೋಡುವ ಅಧಿಕಾರಿಗಳೇ, ನನ್ನ ಪಾಲಿನ ತಪ್ಪನ್ನು ಇಲ್ಲಿ ಬರೆದು ಒಪ್ಪಿಕೊಂಡಿದ್ದೇನೆ. ಈಗ ನಿಮ್ಮ ಪಾಲು. ಸಾಲದ ಅರ್ಜಿಗೆ ಒಂದೇ ಸಲ ನೋಡುವ ಒಪ್ಪಿಗೆಯನ್ನು ಮಾತ್ರ ಕೇಳಿ. ಅದನ್ನು ಕನ್ನಡದಲ್ಲಿ ಬರೆದು, ಓದಲಾರದವರಿಗೆ ಓದಿ ಹೇಳಿ. ಅರ್ಜಿ ತಿರಸ್ಕರಿಸಿದ ದಿನವೇ ಒಪ್ಪಿಗೆಯನ್ನು ನೀವಾಗಿಯೇ ರದ್ದುಮಾಡಿ, ಒಯ್ದದ್ದನ್ನು ಅಳಿಸಿ. ಹಣ ಪಡೆದವರ ಹೆಸರು, ಕಳಿಸಿದವರು ಕೆಳಗೆ ಬರೆದ ಮಾತು, ಇವೆರಡೂ ಯಾವ ಪ್ರತಿನಿಧಿಯ ಕಣ್ಣಿಗೂ ಬೀಳದಂತೆ ಮಾಡಿ. ಮಸ್ಕಿಯ ಆ ಗಿರಣಿಯ ಖಾತೆಯಿಂದ ನೀವು ತರಿಸಿಕೊಂಡ ಪ್ರತಿಯೊಂದು ಸಾಲನ್ನೂ ನಿಮ್ಮ 'ಮೇಲಿನ ಸಿಸ್ಟಮ್'ನಿಂದಲೂ ಆ ಮನುಷ್ಯನ ಫೋನಿನಿಂದಲೂ ಮೂವತ್ತು ದಿನದೊಳಗೆ ಅಳಿಸಿ. ಅಳಿಸಿದ್ದೇವೆಂದು ಯಾರ ಹೆಸರನ್ನೂ ಹಾಕದೆ, ದಿನಾಂಕ ಮತ್ತು ಹೊಣೆಗಾರ ಅಧಿಕಾರಿಯ ಸಹಿಯೊಂದಿಗೆ, ಕನ್ನಡದಲ್ಲಿ ಬರೆದು ನಿಮ್ಮ ಸಿಂಧನೂರು ಕಚೇರಿಯ ಹೊರಗೋಡೆಗೆ ಅಂಟಿಸಿ. ಅಂಚೆಯಲ್ಲಿ ಕಳಿಸುತ್ತೇವೆ ಎನ್ನಬೇಡಿ. ಅದನ್ನು ಓದಬೇಕಾದವಳ ವಿಳಾಸವನ್ನು ನಾವು ನಿಮಗೆ ಕೊಡುವುದಿಲ್ಲ.